ಮನೆಯಲ್ಲಿ ಇರೋದು ಒಂದೇ ಫ್ರಿಸ್ಬೀ, ಡಿಸ್ಕ್ ಗಾಲ್ಫ್ ಆಡೋಕೆ ಹೋಗಬಹುದಾ?

ಓದುಗರ ಪ್ರಶ್ನೆ: ನಾವು ಅಮೆರಿಕದ ಕ್ಯಾಲಿಫೋರ್ನಿಯಾದ ಪಾಸಡೀನಾಗೆ ಬಂದು ಮೂರು ತಿಂಗಳಾಯಿತು. ಮನೆ ಹತ್ತಿರದ ಹಾಹಾಮೋಂಗ್ನ ಪಾರ್ಕಿನಲ್ಲಿ ಮರಗಳ ನಡುವೆ ಅಲ್ಲಲ್ಲಿ ಸರಪಳಿ ಇಳಿಬಿಟ್ಟ ಬುಟ್ಟಿಗಳಿವೆ. ಡಿಸ್ಕ್ ಗಾಲ್ಫ್ ಅಂತೆ, ತಟ್ಟೆಯಂಥ ಡಿಸ್ಕ್ ಎಸೆದು ಆ ಬುಟ್ಟಿಗೆ ಹಾಕೋ ಆಟ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಇಬ್ಬರೂ ಆಡಬೇಕು ಅಂತಾರೆ. ಆದರೆ ಅಲ್ಲಿಗೆ ಬರುವವರೆಲ್ಲ ಬ್ಯಾಗ್ ತುಂಬಾ ಡಿಸ್ಕ್ ಹೊತ್ತು ಬರುತ್ತಾರೆ. ನಮ್ಮ ಹತ್ತಿರ ಇರೋದು ಒಂದು ಮಾಮೂಲಿ ಫ್ರಿಸ್ಬೀ. ಸುಮ್ನೆ ಹೋಗಿ ಆಡಬಹುದಾ?

ಖಂಡಿತ ಹೋಗಿ. ಬೇರೆ ಯಾವ ಕೋರ್ಸ್ (ಅಂದರೆ ಈ ಆಟದ ಅಂಗಳ) ಬಗ್ಗೆ ಕೇಳಿದ್ದರೂ ನಾನು ಸ್ವಲ್ಪ ಯೋಚಿಸಿ ಉತ್ತರ ಕೊಡುತ್ತಿದ್ದೆ. ಈ ಕೋರ್ಸ್‌ಗೆ ಮಾತ್ರ ಯೋಚನೆಯೇ ಬೇಡ. ಇದು ಹುಟ್ಟಿದ್ದೇ ನಿಮ್ಮ ಮನೆಯಲ್ಲಿರುವಂಥ ಫ್ರಿಸ್ಬೀಗೋಸ್ಕರ.

ನೀವು ನೋಡಿದ್ದು ಓಕ್ ಗ್ರೋವ್ ಕೋರ್ಸ್. ಡಿಸ್ಕ್ ಗಾಲ್ಫ್‌ಗೆ ಅಂತಲೇ ಮಾಡಿದ ಜಗತ್ತಿನ ಮೊದಲ ಶಾಶ್ವತ ಕೋರ್ಸ್ ಇದು. 1975ರಲ್ಲಿ ಇದನ್ನು ರೂಪಿಸಿದವರು ಎಡ್ ಹೆಡ್ರಿಕ್. ಫ್ರಿಸ್ಬೀ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿ ಕೆಲಸ ಮಾಡಿದವರು. ಫ್ರಿಸ್ಬೀ ಬೆನ್ನ ಮೇಲೆ ಕೈಯಾಡಿಸಿದರೆ ಸಣ್ಣ ಸಣ್ಣ ಗೆರೆಗಳು ಸಿಗುತ್ತವಲ್ಲ, ಡಿಸ್ಕ್ ನೇರವಾಗಿ ಹಾರಲಿ ಅಂತ ಅವನ್ನು ತಂದವರೂ ಇವರೇ. ಆಗ ಇಲ್ಲಿ ಬುಟ್ಟಿಗಳೇ ಇರಲಿಲ್ಲ. ಬರೀ ಕಂಬಗಳು. ಡಿಸ್ಕ್ ಕಂಬಕ್ಕೆ ತಾಗಿದರೆ ಆಯಿತು. ಆದರೆ ತಾಗಿತೋ ಇಲ್ಲವೋ ಅನ್ನೋದೇ ದಿನಾ ಜಗಳ. ಹಾಗಾಗಿ ಕಂಬಕ್ಕೆ ಸರಪಳಿ ಇಳಿಬಿಟ್ಟು, ಕೆಳಗೆ ಬುಟ್ಟಿ ಕಟ್ಟಿದರು. ಅದಕ್ಕೆ 1977ರಲ್ಲಿ ಪೇಟೆಂಟ್ ಸಿಕ್ಕಿತು. ಈಗ ಜಗತ್ತಿನ ಹೆಚ್ಚಿನ ಕಡೆ ಡಿಸ್ಕ್ ಬೀಳೋದು ಅಂಥದೇ ಬುಟ್ಟಿಗೆ. ಹೆಡ್ರಿಕ್ 2002ರಲ್ಲಿ ತೀರಿಕೊಂಡರು. ಅವರ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ಡಿಸ್ಕ್ ಮಾಡಿದರು. ಈ ಆಟವನ್ನು ಅವರು ಎಷ್ಟು ಹಚ್ಚಿಕೊಂಡಿದ್ದರು ಅಂತ ಹೇಳೋಕೆ ಅದೊಂದೇ ಸಾಕು.

ಇಷ್ಟು ಹಳೇ ಕಥೆ ಯಾಕೆ ಹೇಳಿದೆ ಅಂದರೆ, ನಿಮ್ಮ ಪ್ರಶ್ನೆಗೆ ಉತ್ತರ ಆ ಇಸವಿಯಲ್ಲೇ ಇದೆ. 1975ರ ಡಿಸ್ಕ್‌ಗಳ ಅಂಚು ದಪ್ಪ, ಮೊಂಡು. ಗಾಳಿಯಲ್ಲಿ ತೇಲುತ್ತಾ ನಿಧಾನವಾಗಿ ಹೋಗಿ ಇಳಿಯುತ್ತಿದ್ದವು. ಅಂಚನ್ನು ಓರೆಯಾಗಿ ತೆಳ್ಳಗೆ ಮಾಡಿ ಗಾಳಿ ಸೀಳುವ ಹಾಗೆ ಮಾಡಿದ ಡಿಸ್ಕ್ ಬಂದದ್ದು 1983ರಲ್ಲಿ. ಅದು ಡೇವ್ ಡನಿಪೇಸ್ ಅವರ ಕೆಲಸ. ಅಲ್ಲಿಂದ ಡಿಸ್ಕ್ ಹೋಗುವ ದೂರ ಬೆಳೀತಾ ಬಂತು, ಅದರ ಜೊತೆಗೆ ಹೊಸ ಕೋರ್ಸ್‌ಗಳೂ ಉದ್ದವಾಗುತ್ತಾ ಬಂದವು. ಅದಕ್ಕೂ ಮೊದಲು ಹಾಕಿದ ಕೋರ್ಸ್‌ಗಳ ಅಳತೆ ಬೇರೆ. ನಿಧಾನದ ಡಿಸ್ಕ್, ಸಾಮಾನ್ಯ ತೋಳು, ಪಾರ್ಕಿಗೆ ಬಂದ ಸಂಸಾರ. ಹೊಸಬರಿಗೆ ಹಳೇ ಕೋರ್ಸ್ ಸುಲಭ ಅನ್ನಿಸೋದು ಅದಕ್ಕೇ.

ನಾನು ಇದು ಗೊತ್ತಿಲ್ಲದೆ ಶುರು ಮಾಡಿದವನು. ಅಂಗಡಿಯಲ್ಲಿ ತುಂಬಾ ದೂರ ಹೋಗುತ್ತೆ ಅಂದ ಒಂದು ಡ್ರೈವರ್ ಡಿಸ್ಕ್ ತಂದೆ. ಎಸೆದದ್ದೆಲ್ಲ ಎಡಕ್ಕೆ ತಿರುಗಿ ಪೊದೆಗೆ. ಆಡಿದ್ದಕ್ಕಿಂತ ಹುಡುಕಿದ್ದೇ ಜಾಸ್ತಿ. ಆಮೇಲೆ ಅರ್ಥವಾಯಿತು. ಡಿಸ್ಕ್ ಮೇಲೆ ನಾಲ್ಕು ಅಂಕಿ ಬರೆದಿರುತ್ತಾರೆ. ಮೊದಲನೆಯದು ವೇಗ. ಅಲ್ಲಿ 12 ಅಂತಿದ್ದರೆ, ಆ ಡಿಸ್ಕ್ ಸರಿಯಾಗಿ ಹಾರೋಕೆ ನಿಮ್ಮ ಎಸೆತಕ್ಕೂ ಅಷ್ಟು ವೇಗ ಇರಬೇಕು. ಇಲ್ಲದಿದ್ದರೆ ಬಲಗೈಯವರ ಎಸೆತ ಬೇಗನೆ ಎಡಕ್ಕೆ ಬಾಗಿ ಬೀಳುತ್ತದೆ. 2 ಅಥವಾ 3 ಅಂತಿದ್ದರೆ ಅದು ಪಟರ್, ಹತ್ತಿರದಿಂದ ಬುಟ್ಟಿಗೆ ಹಾಕೋ ಡಿಸ್ಕ್. ಮೆಲ್ಲಗೆ ಎಸೆದರೂ ನೇರ ಹೋಗುತ್ತದೆ. ಹಾಗಾಗಿ ಮೊದಲ ಸಲ ನಿಮ್ಮ ಫ್ರಿಸ್ಬೀಯಲ್ಲೇ ಆಡಿ. ಮಕ್ಕಳಿಗೆ ಇಷ್ಟವಾದರೆ ತಲಾ ಒಂದು ಪಟರ್ ಕೊಡಿಸಿ, 150 ಗ್ರಾಂ ಆಸುಪಾಸಿನ ಹಗುರವಾದದ್ದು. ಬ್ಯಾಗ್ ತುಂಬಾ ಡಿಸ್ಕ್ ಈಗಲೇ ಬೇಡವೇ ಬೇಡ. ಫ್ರಿಸ್ಬೀಗೆ ಇರುವ ಒಂದೇ ತೊಂದರೆ ಗಾಳಿ. ಜೋರು ಗಾಳಿಗೆ ಅದು ಮೇಲಕ್ಕೆದ್ದು ಎಲ್ಲೋ ಹೋಗಿಬಿಡುತ್ತದೆ. ಗಾಳಿ ಇಲ್ಲದ ಬೆಳಗಿನ ಹೊತ್ತು ನೋಡಿ ಹೋಗಿ.

ಇನ್ನು ಆಟ. ಚಿಕ್ಕವರಿದ್ದಾಗ ಗೋಲಿ ಆಡಿದ್ದರೆ ನಿಮಗೆ ಹೇಳಿಕೊಡೋದೇ ಬೇಡ. ಗೋಲಿ ನಿಂತ ಕಡೆಯಿಂದಲೇ ಮುಂದಿನ ಏಟು, ಕೊನೆಗೆ ಗುಳಿಗೆ ಬೀಳಬೇಕು, ಅಲ್ವಾ? ಇಲ್ಲಿ ಗುಳಿಯ ಬದಲು ಬುಟ್ಟಿ. ಟೀ, ಅಂದರೆ ಆಟ ಶುರುವಾಗುವ ಜಾಗ, ಅಲ್ಲಿಂದ ಮೊದಲ ಎಸೆತ. ಡಿಸ್ಕ್ ಬಿದ್ದ ಜಾಗದ ಹಿಂದೆ ನಿಂತು ಮುಂದಿನದು. ಬುಟ್ಟಿಯಿಂದ ಯಾರ ಡಿಸ್ಕ್ ದೂರ ಇದೆಯೋ ಅವರು ಮೊದಲು ಎಸೆಯಬೇಕು. ಡಿಸ್ಕ್ ಬುಟ್ಟಿಯೊಳಗೆ ಕೂತರೆ ಅಥವಾ ಸರಪಳಿಗೆ ಸಿಕ್ಕಿ ನಿಂತರೆ ಮುಗಿಯಿತು. ಬುಟ್ಟಿಯ ನೆತ್ತಿಯ ಮೇಲೆ ಹೋಗಿ ಕೂತರೆ ಲೆಕ್ಕಕ್ಕಿಲ್ಲ, ತೆಗೆದು ಮತ್ತೆ ಎಸೆಯಬೇಕು. ಎಷ್ಟು ಕಡಿಮೆ ಎಸೆತವೋ ಅಷ್ಟು ಒಳ್ಳೆಯದು.

ಎಸೆಯೋದನ್ನು ಮಗಳಿಗೆ ಹೀಗೆ ತೋರಿಸಿ. ಬಲಗೈಯವಳಾದರೆ ಬಲ ಭುಜ ಬುಟ್ಟಿಯ ಕಡೆ ತಿರುಗಲಿ. ಹೆಬ್ಬೆರಳು ಡಿಸ್ಕ್ ಮೇಲೆ, ಉಳಿದ ಬೆರಳುಗಳು ಅಂಚಿನ ಒಳಗೆ. ಡಿಸ್ಕ್‌ನಲ್ಲಿ ಪಾಯಸ ಇದೆ, ಒಂದು ಹನಿಯೂ ಚೆಲ್ಲಬಾರದು ಅಂದುಕೊಂಡು ಎದೆಯ ಮುಂದೆ ಅಡ್ಡಕ್ಕೆ ಎಳೆದು ಬಿಡಬೇಕು. ಮುಂದಿನ ಅಂಚು ಮೇಲೆದ್ದರೆ ಡಿಸ್ಕ್ ಆಕಾಶ ನೋಡಿ ಅಲ್ಲೇ ಇಳಿಯುತ್ತದೆ. ಹೊಸಬರ ಎಸೆತ ಹೆಚ್ಚಾಗಿ ಕೆಡೋದು ಇಲ್ಲೇ, ಶಕ್ತಿ ಸಾಲದೆ ಅಲ್ಲ. ಜೋರಾಗಿ ಎಸಿ ಅಂತ ಮಾತ್ರ ಹೇಳಬೇಡಿ.

ಬ್ಯಾಗ್ ಹೊತ್ತು ಬರುವವರ ಬಗ್ಗೆ ಅಂಜಿಕೆ ಬೇಡ. ಅವರಿಗೆ ಬೇಕಾದದ್ದು ಒಂದೇ, ದಾರಿ. ಹಿಂದೆ ಯಾರಾದರೂ ಬಂದು ನಿಂತರೆ, ನೀವು ಮುಂದೆ ಹೋಗಿ ಅಂತ ಹೇಳಿ ಮಕ್ಕಳನ್ನು ಕರೆದುಕೊಂಡು ಪಕ್ಕಕ್ಕೆ ನಿಲ್ಲಿ. ಮೊದಲ ಸಲ ಆಡ್ತಿದ್ದೀವಿ ಅಂದರೆ ಎಷ್ಟೋ ಜನ ನಿಂತು ಹೇಳಿಕೊಟ್ಟು ಹೋಗುತ್ತಾರೆ. ಎಸೆಯುವವರ ಹಿಂದೆಯೇ ನಿಲ್ಲಬೇಕು, ಮುಂದೆ ಯಾವತ್ತೂ ಬೇಡ. ಇದನ್ನು ಮಗನಿಗೆ ಎರಡು ಸಲ ಹೇಳಿ. ಡಿಸ್ಕ್ ಗಟ್ಟಿ ಪ್ಲಾಸ್ಟಿಕ್, ಹಣೆಗೆ ಬಡಿದರೆ ಗಾಯವಾಗುತ್ತದೆ. ಇದು ಸಾರ್ವಜನಿಕ ಪಾರ್ಕ್. ನಡೆಯುವವರು, ನಾಯಿ ಕರೆತಂದವರು, ಕುದುರೆ ಸವಾರರು ಎಲ್ಲರೂ ಓಡಾಡುತ್ತಾರೆ. ಅವರು ದಾಟುವವರೆಗೂ ಕಾಯಬೇಕು. ತಪ್ಪಿ ಯಾರ ಕಡೆಗಾದರೂ ಡಿಸ್ಕ್ ಹೋದರೆ 'ಫೋರ್' ಅಂತ ಗಟ್ಟಿಯಾಗಿ ಕೂಗಿ.

ಆ ಮರಗಳನ್ನೂ ಸ್ವಲ್ಪ ನೋಡಿಕೊಳ್ಳಿ. ವರ್ಷವಿಡೀ ಹಸಿರಾಗಿರುವ ಓಕ್ ಅದು. ಉದುರಿದ ಎಲೆ ಒಂದನ್ನು ಕೈಗೆತ್ತಿಕೊಳ್ಳಿ. ಚಿಕ್ಕದು, ದೋಣಿಯ ಹಾಗೆ ಮುದುರಿಕೊಂಡಿರುತ್ತದೆ, ಅಂಚಿನಲ್ಲಿ ಮುಳ್ಳಿನಂಥ ಮೊನೆಗಳು. ಬೇಸಿಗೆಯಲ್ಲಿ ನೆಲವೆಲ್ಲ ಇದೇ, ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕಿ. ಎಸೆಯೋಕೆ ಅಡ್ಡ ಬಂತು ಅಂತ ಕೊಂಬೆ ಮುರಿಯೋದು ಆಟದ ನಿಯಮಕ್ಕೂ ವಿರುದ್ಧ. ಹಾಗೆ ಮುರಿಯುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಈ ಕೋರ್ಸಿನ ಹೆಸರೇ ಆ ಮರದ್ದು.

ಹೆದರಬೇಕಾದದ್ದು ಇನ್ನೊಂದು ಗಿಡಕ್ಕೆ. ಪಾಯ್ಸನ್ ಓಕ್. ಹೆಸರು ಓಕ್, ಆದರೆ ಓಕ್ ಜಾತಿಯದ್ದಲ್ಲ. ನಮ್ಮ ಗೇರು, ಮಾವಿನ ಕುಟುಂಬದ್ದು. ಹಸಿ ಗೇರುಬೀಜ ಸುಲಿದು ಬೆರಳು ಸುಟ್ಟುಕೊಂಡವರಿಗೆ, ಮಾವಿನ ಸೊನೆಗೆ ತುಟಿ ಊದಿಸಿಕೊಂಡವರಿಗೆ ಇದರ ಗುಣ ಬೇಗ ಅರ್ಥವಾಗುತ್ತದೆ. ಒಂದೇ ತೊಟ್ಟಿಗೆ ಮೂರು ಎಲೆ ಇರುವ ಪೊದೆ ಕಂಡರೆ ಮುಟ್ಟಬೇಡಿ. ಮುಟ್ಟಿದರೆ ಬೇಗ ಸೋಪು ಹಾಕಿ ತೊಳೆಯಿರಿ, ಡಿಸ್ಕ್ ಸಮೇತ. ಬೆಟ್ಟದ ತಪ್ಪಲು ಆದ್ದರಿಂದ ರ‍್ಯಾಟಲ್ ಎಂಬ ವಿಷದ ಹಾವುಗಳೂ ಇರುತ್ತವೆ. ಪೊದೆಗೆ ಹೋದ ಡಿಸ್ಕ್ ತೆಗೆಯೋಕೆ ಕೈ ಹಾಕಬೇಡಿ, ಉದ್ದನೆಯ ಕೋಲು ಇರಲಿ. ಮಕ್ಕಳಂತೂ ಪೊದೆ ಹತ್ತಿರ ಹೋಗೋದೇ ಬೇಡ.

ಹದಿನೆಂಟೂ ಬುಟ್ಟಿ ಮುಗಿಸಲೇಬೇಕು ಅಂತೇನಿಲ್ಲ. ಆರು ಆಡಿ, ಓಕ್ ನೆರಳಲ್ಲಿ ಕೂತು ಚಿತ್ರಾನ್ನ ತಿಂದು ಮನೆಗೆ ಬನ್ನಿ. ಪಕ್ಕದಲ್ಲೇ ನಾಸಾದ ಬಾಹ್ಯಾಕಾಶ ಪ್ರಯೋಗಾಲಯ ಜೆಪಿಎಲ್‌ನ ಕಟ್ಟಡಗಳು ಕಾಣುತ್ತವೆ. ಅದರ ಬೇರು ಇಲ್ಲೇ ಇದೆ. 1936ರಲ್ಲಿ ಕೆಲವು ಹುಡುಗರು ರಾಕೆಟ್ ಎಂಜಿನ್ ಉರಿಸಿ ನೋಡಿದ್ದು ಇದೇ ಅರೋಯೋ ಸೆಕೋ ಹಳ್ಳದಲ್ಲಿ. ಮಗಳಿಗೆ ಅದನ್ನೂ ಹೇಳಿ, ಕಣ್ಣರಳಿಸಿ ಕೇಳುತ್ತಾಳೆ.

ಮಗನನ್ನು ಮಾತ್ರ ಟೀಯಿಂದ ಆಡಿಸಬೇಡಿ. ನಿಮ್ಮ ಡಿಸ್ಕ್ ಬಿದ್ದ ಕಡೆಯಿಂದ ಶುರು ಮಾಡಲಿ. ಬುಟ್ಟಿ ಹತ್ತಿರ ಬಂದ ಮೇಲೆ ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಬೇಕಾದಷ್ಟು ಸಲ ಎಸೆಯಲಿ. ಸರಪಳಿ ಝಣ್ ಅನ್ನೋದನ್ನು ಅವನ ಕೈಯಿಂದಲೇ ಒಮ್ಮೆ ಕೇಳಿಸಿ.