ತಪ್ಪು ಉತ್ತರದ ನಂತರದ ಮೂರು ಸೆಕೆಂಡು

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಎರಡನೆಯ ತರಗತಿಗೆ ಪಾಠ ಮಾಡುತ್ತಿದ್ದಾಗ, ಹುಡುಗನೊಬ್ಬ ಹಕ್ಕಿಯ ಚಿತ್ರದ ಕೆಳಗೆ ‘ಅಕ್ಕಿ’ ಎಂದು ಬರೆದ. ಇಡೀ ತರಗತಿ ನಕ್ಕಿತು. ಅವನು ತಕ್ಷಣ ಅಂಗೈಯಿಂದಲೇ ಅಕ್ಷರಗಳನ್ನು ಒರೆಸಿ, ಸೀಮೆಸುಣ್ಣವನ್ನು ಕೆಳಗಿಟ್ಟು ತನ್ನ ಜಾಗಕ್ಕೆ ಹೊರಟ. ನಾನು ಅವನನ್ನು ತಡೆದು, ಮನೆಯಲ್ಲಿ ಅಜ್ಜಿ ಇದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿದೆ. “ಅಕ್ಕಿ” ಎಂದ. ಅನ್ನ ಮಾಡುವುದಕ್ಕೆ ಏನನ್ನುತ್ತಾರೆ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಅದೂ ಅಕ್ಕೀನೇ ಮಿಸ್” ಎಂದ. ನಕ್ಕ ಮಕ್ಕಳೂ ಸುಮ್ಮನಾದರು, ಏಕೆಂದರೆ ಅವರ ಮನೆಗಳಲ್ಲಿಯೂ ಹಾಲು ‘ಆಲು’, ಹೂವು ‘ಊವು’, ಹಾವು ‘ಆವು’ ಎಂದೇ ಆಗಿತ್ತು. ಆ ಹುಡುಗ ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದ. ಬರವಣಿಗೆ ಕಲಿಯುತ್ತಿರುವ ಮಗುವಿನಿಂದ ನಾವು ನಿರೀಕ್ಷಿಸುವುದೂ ಅದನ್ನೇ ಅಲ್ಲವೇ?

ಅಂದು ಎಲ್ಲರೂ ಬಾಯಿಯ ಮುಂದೆ ಅಂಗೈ ಹಿಡಿದು ಮೊದಲು ‘ಅ’ ಎಂದೂ ಆಮೇಲೆ ‘ಹ’ ಎಂದೂ ಹೇಳಿದೆವು. ‘ಹ’ ಎನ್ನುವಾಗ ಅಂಗೈಗೆ ಬಿಸಿ ಉಸಿರು ತಾಗುತ್ತದೆ, ‘ಅ’ ಎನ್ನುವಾಗ ಹಾಗೆ ತಾಗುವುದಿಲ್ಲ. ಮಕ್ಕಳು ಊಟದ ಗಂಟೆ ಬಾರಿಸುವವರೆಗೂ ಒಬ್ಬರ ಅಂಗೈಗೆ ಇನ್ನೊಬ್ಬರು ‘ಹ’ ಊದುತ್ತಲೇ ಇದ್ದರು. ನಾನು ಆ ವಾರ ಸಿದ್ಧಪಡಿಸಿಕೊಂಡಿದ್ದ ಯಾವ ಚಟುವಟಿಕೆಗಿಂತಲೂ ಆ ತಪ್ಪು ಹೆಚ್ಚು ಕಲಿಸಿತು.

ತರಗತಿಯ ವಾತಾವರಣದ ಬಗ್ಗೆ ತರಬೇತಿಗಳಲ್ಲಿ ಮಾತನಾಡುವಾಗ ನಾವು ಸಾಮಾನ್ಯವಾಗಿ ಗೋಡೆಯ ಚಿತ್ರಗಳು, ಸ್ವಾಗತ ಗೀತೆ, ಹುಟ್ಟುಹಬ್ಬದ ಪಟ್ಟಿ, ನಕ್ಷತ್ರದ ಸ್ಟಿಕ್ಕರ್ ಇವುಗಳಿಂದ ಆರಂಭಿಸುತ್ತೇವೆ. ಅವು ಇರಲಿ, ಅವುಗಳಿಂದ ಮಕ್ಕಳಿಗೆ ಸಂತೋಷವೂ ಆಗುತ್ತದೆ. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ, ಆಮೇಲೆ ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ನೆರವಾಗುವ ಸಮೂಹ ಸಂಪನ್ಮೂಲ ವ್ಯಕ್ತಿಯಾಗಿ ಇತರರ ತರಗತಿಗಳ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಒಂದು ತರಗತಿಯ ಸಂಸ್ಕೃತಿ ಹೇಗಿದೆ ಎಂದು ತಿಳಿಯಬೇಕಾದರೆ, ಮಗುವೊಂದು ತಪ್ಪು ಉತ್ತರ ಹೇಳಿದ ಮರುಕ್ಷಣ ಅಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಸಾಕು. ಗೋಡೆಗೆ ಬಣ್ಣ ಬಳಿಯಲು ಅನುದಾನ ಬೇಕು. ಆ ಮರುಕ್ಷಣವನ್ನು ಬದಲಿಸಲು ಯಾವ ಆದೇಶಕ್ಕೂ ಕಾಯಬೇಕಿಲ್ಲ, ನಾಳೆಯ ಮೊದಲ ಅವಧಿಯಲ್ಲೇ ಆರಂಭಿಸಬಹುದು ಎಂಬುದೇ ನನ್ನ ಸಹೋದ್ಯೋಗಿಗಳಿಗೆ ನಾನು ಕೊಡಬಯಸುವ ಧೈರ್ಯ.

ಮೊದಲು ಕಾಯುವುದರ ಬಗ್ಗೆ ಹೇಳುತ್ತೇನೆ. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ ಎಂಬುದನ್ನು ಕಂಡುಕೊಂಡರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ ಎನ್ನುವುದು ಮತ್ತು ಮೌನವಾಗಿರುವುದು ಕಡಿಮೆಯಾಯಿತು, ಕೇಳದೆಯೇ ಉತ್ತರಿಸಲು ಮುಂದೆ ಬರುವ ಮಕ್ಕಳು ಹೆಚ್ಚಿದರು. ರೋ ಅವರು ಮಗು ಉತ್ತರಿಸಿದ ನಂತರದ ವಿರಾಮವನ್ನೂ ಅಳೆದಿದ್ದರು. ಅದು ನಾವು ಹೆಚ್ಚು ಮರೆಯುವ ವಿರಾಮ. ಮಗು ಹೇಳಿದ ಕೂಡಲೇ ‘ತಪ್ಪು, ಕೂತ್ಕೋ, ಬೇರೆ ಯಾರು ಹೇಳ್ತೀರಿ’ ಎನ್ನುವುದು ನಮಗೆ ಉಸಿರಾಟದಷ್ಟೇ ಸಹಜವಾಗಿಬಿಟ್ಟಿದೆ. ಈ ‘ಬೇರೆ ಯಾರು’ ಎಂಬ ಎರಡು ಪದಗಳು ನಿಂತಿರುವ ಮಗುವಿನ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತವೆ, ಜೊತೆಗೆ ಕೈ ಎತ್ತಿ ‘ನಾನು ಮಿಸ್, ನಾನು ಮಿಸ್’ ಎನ್ನುವ ನಾಲ್ಕೈದು ಮಕ್ಕಳಿಗೆ ಅದರ ಸೋಲಿನ ಮೇಲೆ ಗೆಲ್ಲುವ ಅವಕಾಶವನ್ನು ಕೊಡುತ್ತವೆ. ಮನಸ್ಸಿನಲ್ಲಿಯೇ ಒಂದು, ಎರಡು, ಮೂರು ಎಂದು ಎಣಿಸಿ ನೋಡಿ. ಮೊದಲ ವಾರ ಆ ಮೂರು ಸೆಕೆಂಡು ಸಹಿಸಲಾರದಷ್ಟು ದೀರ್ಘವೆನಿಸುತ್ತದೆ, ಪಾಠ ಕೈತಪ್ಪಿ ಹೋಗುತ್ತಿದೆ ಎಂಬ ಆತಂಕವೂ ಆಗುತ್ತದೆ. ಎರಡನೆಯ ವಾರದ ಹೊತ್ತಿಗೆ ಮಕ್ಕಳು ಆ ಮೌನವನ್ನು ಬಳಸಿಕೊಳ್ಳಲು ಕಲಿತಿರುತ್ತಾರೆ.

ಕಾದ ಮೇಲೆ ಕೇಳಬೇಕಾದ ಪ್ರಶ್ನೆ ‘ಹೇಗೆ ಮಾಡಿದೆ?’ ಎಂಬುದು. 52ರಿಂದ 18ನ್ನು ಕಳೆದು 46 ಎಂದು ಬರೆಯುವ ಮಗುವನ್ನು ಮೂರನೆಯ ತರಗತಿಗೆ ಪಾಠ ಮಾಡಿದ ಪ್ರತಿಯೊಬ್ಬರೂ ಕಂಡಿರುತ್ತಾರೆ. ಕೆಂಪು ಶಾಯಿಯಲ್ಲಿ ಗೀಟು ಹಾಕಿದರೆ ಮಗುವಿಗೆ ತಿಳಿಯುವುದು ತನಗೆ ಲೆಕ್ಕ ಬರುವುದಿಲ್ಲ ಎಂಬುದು ಮಾತ್ರ. ಹೇಗೆ ಮಾಡಿದೆ ಎಂದು ಕೇಳಿದರೆ, ಬಿಡಿ ಸ್ಥಾನದಲ್ಲಿ ಎರಡರಿಂದ ಎಂಟು ಹೋಗದ ಕಾರಣ ಎಂಟರಿಂದ ಎರಡನ್ನು ಕಳೆದೆ ಎಂದು ಅದೇ ವಿವರಿಸುತ್ತದೆ. ದೊಡ್ಡದರಿಂದಲೇ ಚಿಕ್ಕದನ್ನು ಕಳೆಯಬೇಕು ಎಂದು ಹಿಂದಿನ ವರ್ಷ ನಾವೇ ಹೇಳಿಕೊಟ್ಟ ಮಾತನ್ನು ಅದು ಶ್ರದ್ಧೆಯಿಂದ ಪಾಲಿಸಿರುತ್ತದೆ. ಆಗ ಹತ್ತರ ಕಡ್ಡಿ ಕಟ್ಟುಗಳು ಐದು, ಬಿಡಿ ಕಡ್ಡಿಗಳು ಎರಡು ಕೈಗೆ ಕೊಟ್ಟು, ಇದರಲ್ಲಿ ಹದಿನೆಂಟು ಕಡ್ಡಿ ನನಗೆ ಕೊಡು ಎಂದರೆ, ಮಗು ಸ್ವಲ್ಪ ತಡಕಾಡಿ ತಾನಾಗಿಯೇ ಒಂದು ಕಟ್ಟು ಬಿಚ್ಚುತ್ತದೆ. ದಶಕ ತೆಗೆದುಕೊಳ್ಳುವುದು ಎಂದರೆ ಏನೆಂಬುದು ಆ ರಬ್ಬರ್ ಬ್ಯಾಂಡ್ ಬಿಚ್ಚುವ ಬೆರಳುಗಳಿಗೆ ಅರ್ಥವಾಗುತ್ತದೆ. ಗೌರವ ಎಂಬ ದೊಡ್ಡ ಪದವನ್ನು ಬಳಸದೆಯೂ ನಾವು ಆ ಮಗುವಿಗೆ, ನಿನ್ನ ತಲೆಯಲ್ಲಿ ನಡೆಯುವುದು ನನಗೆ ಮುಖ್ಯ ಎಂದು ಹೇಳಿದಂತಾಗುತ್ತದೆ.

ಸಹಪಾಠಿಗಳ ನಗುವಿನ ವಿಷಯ ಇದಕ್ಕಿಂತ ಕಠಿಣವಾದದ್ದು. ನನ್ನ ಸೇವೆಯ ಆರಂಭದ ವರ್ಷಗಳು ವಿಜಯಪುರ ಜಿಲ್ಲೆಯ ಒಂದು ಶಾಲೆಯಲ್ಲಿ ಕಳೆದವು. ಅಲ್ಲಿಗೆ ಹತ್ತಿರದ ತಾಂಡಾದ ಮಕ್ಕಳೂ ಬರುತ್ತಿದ್ದರು. ಒಂದನೆಯ ತರಗತಿಯ ಲಂಬಾಣಿ ಹುಡುಗಿಯೊಬ್ಬಳು ಕೊಡದ ಚಿತ್ರವನ್ನು ತೋರಿಸಿ “ಪಾಣಿ” ಎಂದಾಗ ಉಳಿದವರು ನಕ್ಕರು, ನಾನು “ಪಾಣಿ ಅಲ್ಲ, ನೀರು ಅನ್ನು” ಎಂದೆ. ನಾನು ಬೈಯಲಿಲ್ಲ, ಹೊಡೆಯಲಿಲ್ಲ, ಮೆಲುದನಿಯಲ್ಲಿಯೇ ಹೇಳಿದೆ. ಆದರೂ ಆ ಮಗು ಮುಂದಿನ ಹಲವು ವಾರ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ನಗುವವರಿಗೆ ನಾನು ಸಮ್ಮತಿ ಕೊಟ್ಟಿದ್ದೇನೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಆಮೇಲೆ ಗೋಡೆಯ ಕೆಳಗಿನ ಕಪ್ಪು ಹಲಗೆಯಲ್ಲಿ ಎರಡು ಸಾಲು ಮಾಡಿ, ಒಂದರಲ್ಲಿ ನೀರು, ರೊಟ್ಟಿ, ಅವ್ವ ಎಂದೂ ಇನ್ನೊಂದರಲ್ಲಿ ಪಾಣಿ, ಬಾಟಿ, ಯಾಡಿ ಎಂದೂ ಬರೆದು, ತಾಂಡಾದ ಮಕ್ಕಳಿಂದಲೇ ನಾನೂ ಉಳಿದವರೂ ಉಚ್ಚಾರಣೆ ಕಲಿತೆವು. ನನ್ನ ಉಚ್ಚಾರಣೆಯನ್ನು ಆ ಹುಡುಗಿ ತಿದ್ದಿದ ದಿನ ಅವಳ ಧ್ವನಿಯನ್ನು ತರಗತಿ ಮತ್ತೆ ಕೇಳಿತು. ಗೇಲಿಯ ನಗುವನ್ನು ‘ಸುಮ್ಮನಿರಿ’ ಎಂಬ ಒಂದೇ ಗದರಿಕೆಯಿಂದ ನಿಲ್ಲಿಸಲಾಗುವುದಿಲ್ಲ. ನಗೆಪಾಟಲಾದ ವಿಷಯವನ್ನೇ ಶಿಕ್ಷಕರು ಎತ್ತಿಕೊಂಡು ಪಾಠವಾಗಿಸಿದಾಗ ಅದು ತಾನಾಗಿ ಕರಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರ 17ನೆಯ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬೆತ್ತ ಬಹುಮಟ್ಟಿಗೆ ತರಗತಿಯಿಂದ ಹೊರಬಿದ್ದಿದೆ. ಎರಡನೆಯದು ಹೊರಬಿದ್ದಿಲ್ಲ, ಏಕೆಂದರೆ ‘ದಡ್ಡ’ ಎಂಬ ಮಾತು ನಮಗೆ ಕಿರುಕುಳದಂತೆ ಕೇಳಿಸುವುದೇ ಇಲ್ಲ. ಹಾಗೆಯೇ ‘ಜಾಣ’ ಎಂಬ ಮಾತು ಅಪಾಯಕಾರಿ ಎನಿಸುವುದೂ ಇಲ್ಲ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಐದನೆಯ ತರಗತಿಯ ಮಕ್ಕಳಲ್ಲಿ ಕೆಲವರಿಗೆ ನೀನು ಬುದ್ಧಿವಂತ ಎಂದೂ ಇನ್ನು ಕೆಲವರಿಗೆ ನೀನು ಚೆನ್ನಾಗಿ ಶ್ರಮಪಟ್ಟೆ ಎಂದೂ ಹೇಳಲಾಗಿತ್ತು. ಕಠಿಣ ಸಮಸ್ಯೆಗಳು ಎದುರಾದ ನಂತರ ಬುದ್ಧಿವಂತರೆನಿಸಿಕೊಂಡ ಮಕ್ಕಳೇ ಬೇಗ ಕೈಚೆಲ್ಲಿದರು. ಜಾಣ ಎಂಬ ಬಿರುದು ಸಿಕ್ಕ ಮಗು ಅದನ್ನು ಉಳಿಸಿಕೊಳ್ಳಲು ತಪ್ಪಾಗಬಹುದಾದ ಕೆಲಸದಿಂದ ದೂರ ಉಳಿಯುತ್ತದೆ ಎಂಬುದನ್ನು ನಾನೂ ನೋಡಿದ್ದೇನೆ. ಹಾಗೆಂದು ‘ವೆರಿ ಗುಡ್’ ಹೇಳುವುದನ್ನೇ ನಿಲ್ಲಿಸಬೇಕಿಲ್ಲ. ಕಂಡದ್ದನ್ನು ಹೇಳಿದರೆ ಸಾಕು: ‘ಮೊದಲು ಚಿತ್ರ ಬರೆದುಕೊಂಡು ಆಮೇಲೆ ಲೆಕ್ಕ ಮಾಡಿದೆ’, ‘ಒತ್ತಕ್ಷರ ಅನುಮಾನ ಬಂದಾಗ ಪುಸ್ತಕ ತೆಗೆದು ನೋಡಿದೆ’. ಇಂತಹ ಮಾತನ್ನು ಕೇಳಿದ ಪಕ್ಕದ ಮಗು ಅದನ್ನು ತಾನೂ ಮಾಡಬಹುದು. ಜಾಣತನವನ್ನು ಪಕ್ಕದವರಿಂದ ಪಡೆಯಲು ಸಾಧ್ಯವಿಲ್ಲವಲ್ಲ.

ನಮ್ಮ ರಾಜ್ಯದಲ್ಲಿ ಈ ಯಾವುದೂ ಹೊಸದಲ್ಲ ಎಂಬುದನ್ನು ಒತ್ತಿ ಹೇಳಬೇಕು. ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭಿಸಿದ ನಲಿ ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು. ಮಕ್ಕಳು ಬೇಕಾದ ಸಹಾಯಕ್ಕೆ ತಕ್ಕಂತೆ ಗುಂಪಾಗಿ ಕುಳಿತುಕೊಳ್ಳುವ ಅದರ ಐದು ‘ತಟ್ಟೆ’ಗಳ ವ್ಯವಸ್ಥೆಯನ್ನು ನೆನಪಿಸಿಕೊಳ್ಳಿ: ಶಿಕ್ಷಕರ ಸಂಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಗೆಳೆಯರ ಸಂಪೂರ್ಣ ಸಹಾಯ, ಗೆಳೆಯರ ಭಾಗಶಃ ಸಹಾಯ, ಕೊನೆಯಲ್ಲಿ ಸ್ವಕಲಿಕೆ. ಸಹಾಯ ಕೇಳುವುದು ಇಲ್ಲಿ ಅವಮಾನವಲ್ಲ, ಅದು ಕುಳಿತುಕೊಳ್ಳುವ ಒಂದು ಜಾಗ. ಪ್ರತಿಯೊಂದು ಮಗುವೂ ಒಂದೊಂದು ಕಲಿಕಾ ಕಾರ್ಡ್‌ನ ಸಂದರ್ಭದಲ್ಲಿ ಅಲ್ಲಿ ಕುಳಿತು ಎದ್ದು ಬಂದಿರುತ್ತದೆ. ಕೆಲಸಕ್ಕಾಗಿ ಗುಳೆ ಹೋಗಿ ಎರಡು ತಿಂಗಳ ನಂತರ ಮರಳಿದ ಮಗು, ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು, ಅದು ಯಾರಿಗಿಂತಲೂ ಹಿಂದುಳಿದಿಲ್ಲ.

ಈ ಮಕ್ಕಳೇ ನಾಲ್ಕನೆಯ ತರಗತಿಗೆ ಬಂದಾಗ ಎಲ್ಲವೂ ಒಮ್ಮೆಗೇ ಬದಲಾಗುತ್ತದೆ. ಹಿಂದಿನ ವರ್ಷ ತಾನಾಗಿ ಎದ್ದು ಹೋಗಿ ಕಾರ್ಡ್ ತರುತ್ತಿದ್ದ ಮಗು ಈಗ ಎದ್ದರೆ ಅಶಿಸ್ತು, ಗೆಳತಿಯನ್ನು ಕೇಳಿ ಬರೆದರೆ ನಕಲು. ಮೂರು ವರ್ಷ ನಾವೇ ಕಟ್ಟಿದ ಸಂಸ್ಕೃತಿಯನ್ನು ಒಂದು ಬೇಸಿಗೆ ರಜೆಯಲ್ಲಿ ನಾವೇ ಕೆಡವುತ್ತೇವೆ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ನಾಲ್ಕು ಮತ್ತು ಐದನೆಯ ತರಗತಿಯ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ಜೂನ್ ತಿಂಗಳಲ್ಲಿ ಒಂದು ದಿನ ನಿಮ್ಮದೇ ಶಾಲೆಯ ನಲಿ ಕಲಿ ಕೊಠಡಿಯಲ್ಲಿ ಕುಳಿತು ನೋಡಿ, ಅಲ್ಲಿಂದ ಕನಿಷ್ಠ ‘ಗೆಳೆಯರ ಸಹಾಯ’ವನ್ನಾದರೂ ನಿಮ್ಮ ಕೊಠಡಿಗೆ ಕರೆತನ್ನಿ.

ಇದನ್ನೆಲ್ಲ ಓದುವ ಶಿಕ್ಷಕರ ಮುಂದೆ ಮೊಟ್ಟೆ ವಿತರಣೆಯ ಲೆಕ್ಕ, ಆನ್‌ಲೈನ್ ದಾಖಲಾತಿ, ಗಣತಿ, ಮತಗಟ್ಟೆ ಕೆಲಸ, ಒಂದೇ ಕೊಠಡಿಯಲ್ಲಿ ಮೂರು ತರಗತಿ ಇವೆಲ್ಲ ಇರುತ್ತವೆ ಎಂಬುದನ್ನು ನಾನು ಬಲ್ಲೆ. ದಣಿದವರು ಗದರುತ್ತಾರೆ. ಗದರಿಸಿಕೊಂಡವರೂ ಗದರುತ್ತಾರೆ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಒಂದು ವಹಿಯಲ್ಲಿ ಸಹಿ ಬಿಟ್ಟುಹೋಗಿದ್ದಕ್ಕೆ ನನ್ನನ್ನು ಮಕ್ಕಳ ಎದುರಿಗೇ ನಿಂದಿಸಿದರು. ಅವರು ಹೊರಟು ಒಂದು ಗಂಟೆಯೂ ಆಗಿರಲಿಲ್ಲ, ಉಕ್ತಲೇಖನದಲ್ಲಿ ತಪ್ಪು ಮಾಡಿದ ಹುಡುಗಿಯನ್ನು ನಾನು ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ನಿಂದಿಸಿದ್ದೆ. ಮುಖ್ಯ ಶಿಕ್ಷಕರೂ ಮೇಲಧಿಕಾರಿಗಳೂ ಇದನ್ನು ಗಮನಿಸಬೇಕು. ಶಿಕ್ಷಕರ ತಪ್ಪನ್ನು ಮಕ್ಕಳ ಎದುರು ಎತ್ತಿ ಆಡದಿರುವುದು ಸೌಜನ್ಯದ ಪ್ರಶ್ನೆ ಮಾತ್ರವಲ್ಲ, ಅದು ನೇರವಾಗಿ ಕಲಿಕೆಯ ಪ್ರಶ್ನೆ.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ, ಎಲ್ಲರ ಎದುರು ಬೈದದ್ದರಿಂದ ಎಲ್ಲರ ಎದುರಿನಲ್ಲೇ ಆ ಹುಡುಗಿಯ ಕ್ಷಮೆ ಕೇಳಿದೆ. ಮಕ್ಕಳ ಕ್ಷಮೆ ಕೇಳಿದರೆ ಹಿಡಿತ ತಪ್ಪುತ್ತದೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಹಿಡಿತವೇನೂ ತಪ್ಪಲಿಲ್ಲ, ಆದರೆ ಅವಳು ತಕ್ಷಣ ಅರಳಲೂ ಇಲ್ಲ. ತಲೆ ಬಗ್ಗಿಸಿಕೊಂಡು ಕುಳಿತಳು, ದಸರಾ ರಜೆಯವರೆಗೂ ಹಾಗೆಯೇ ಇದ್ದಳು. ಒಂದು ಕ್ಷಮೆಯಿಂದ ಎಲ್ಲವೂ ಸರಿಹೋಗುತ್ತದೆ ಎಂದು ನಿರೀಕ್ಷಿಸಿದ್ದು ನನ್ನ ಆತುರ. ಆ ದಿನಗಳಲ್ಲಿ ನಾನು ಮಾಡಿದ್ದು ಇಷ್ಟೇ, ಯಾರ ತಪ್ಪು ಉತ್ತರಕ್ಕೂ ‘ಬೇರೆ ಯಾರು’ ಎನ್ನಲಿಲ್ಲ. ರಜೆ ಮುಗಿದು ಶಾಲೆ ತೆರೆದ ವಾರ, ದಿನಾಂಕ ಬರೆಯಲು ಯಾರು ಬರುತ್ತೀರಿ ಎಂದಾಗ ಅವಳು ಎದ್ದು ಬಂದಳು. ‘ಅಕೋಬರ್’ ಎಂದು ಬರೆದು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ನಾನು ಮನಸ್ಸಿನಲ್ಲಿ ಎಣಿಸತೊಡಗಿದೆ. ಯಾರೂ ನಗಲಿಲ್ಲ. ಮುಂದಿನ ಸಾಲಿನ ಹುಡುಗ ಎದ್ದು ಬಂದು ಡಸ್ಟರ್ ಅನ್ನು ಅವಳ ಕೈಗಿತ್ತ. ಅವಳು ಒಂದೇ ಅಕ್ಷರವನ್ನು ಒರೆಸಿ, ‘ಕ’ಕ್ಕೆ ‘ಟ’ ಒತ್ತು ಕೊಟ್ಟು, ತಿರುಗಿ ನೋಡದೆ ಮುಂದಿನ ಸಾಲಿನಲ್ಲಿ ವಾರದ ಹೆಸರು ಬರೆಯತೊಡಗಿದಳು.