ತೆಳ್ಳಗಾಗಿದ್ದಕ್ಕೇ ಮರಿಯಾ ಕಾಲಸ್ ದನಿ ಕೆಟ್ಟಿತೇ?

ಪ್ರಶ್ನೆ: ಒಪೆರಾ (ಪಾಶ್ಚಾತ್ಯ ಗೀತನಾಟಕ) ಗಾಯಕಿ ಮರಿಯಾ ಕಾಲಸ್ 41ನೇ ವಯಸ್ಸಿಗೇ ಒಪೆರಾ ರಂಗ ಬಿಟ್ಟರಂತೆ. ತೂಕ ಇಳಿಸಿದ್ದರಿಂದ ದನಿ ಹಾಳಾಯಿತು ಎನ್ನುತ್ತಾರೆ. ನಿಜವೇ?

ಉತ್ತರ: ಸ್ವಲ್ಪ ನಿಜವಿರಬಹುದು. ಆದರೆ ಪೂರ್ತಿ ತಪ್ಪನ್ನು ತೂಕದ ತಲೆಗೆ ಕಟ್ಟುವುದು ಸರಿಯಲ್ಲ.

1953–54ರ ಹೊತ್ತಿಗೆ ಕಾಲಸ್ 30 ಕೆಜಿಗೂ ಜಾಸ್ತಿ ಇಳಿದದ್ದು ಹೌದು. ಹೇಗೆ ಇಳಿದರು ಎನ್ನುವುದಕ್ಕೆ ಬಾಯಿಗೊಂದು ಕತೆ. ಬೇಕೆಂದೇ ಲಾಡಿಹುಳು ನುಂಗಿದರು ಎಂದವರೂ ಇದ್ದರು. ಇಟಲಿಯ ಒಂದು ಪಾಸ್ತಾ ಕಂಪನಿಯಂತೂ ಇದು ನಮ್ಮ ಪಾಸ್ತಾದ ಮಹಿಮೆ ಎಂದು ಜಾಹೀರಾತು ಕೊಟ್ಟು, ಆಕೆಯಿಂದ ಕೋರ್ಟು ಕೇಸು ಹಾಕಿಸಿಕೊಂಡಿತು!

ಈಗ ಇಸವಿಗಳನ್ನು ನೋಡಿ. ಮಿಲಾನ್‌ನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ಹಾಡಿದ ‘ಲಾ ಟ್ರಾವಿಯಾಟಾ’ 1955ರದ್ದು. ಬರ್ಲಿನ್‌ನಲ್ಲಿ ಕಂಡಕ್ಟರ್ (ವಾದ್ಯವೃಂದ ನಡೆಸುವವರು) ಕರಾಯನ್ ಜೊತೆ ಮಾಡಿದ ‘ಲೂಚಿಯಾ’ ಕೂಡ ಅದೇ ವರ್ಷದ್ದು. ‘ಅನ್ನಾ ಬೊಲೆನಾ’ 1957ರದ್ದು. ಅಭಿಮಾನಿಗಳು ಇವತ್ತಿಗೂ ಹುಡುಕಿ ಕೇಳುವ ಈ ಹಾಡಿಕೆಗಳೆಲ್ಲ ತೆಳ್ಳಗಾದ ಮೇಲಿನವೇ, ಅಲ್ವಾ?

ನನಗೆ ಕಾಣುವಂತೆ ಕಾರಣ ಇನ್ನೂ ಹಿಂದಿದೆ. ಕಾಲಸ್ ಹುಟ್ಟಿದ್ದು 1923ರಲ್ಲಿ, ನ್ಯೂಯಾರ್ಕ್‌ನಲ್ಲಿ, ಗ್ರೀಕ್ ಕುಟುಂಬದಲ್ಲಿ. 1937ರಲ್ಲಿ ತಾಯಿಯ ಜೊತೆ ಅಥೆನ್ಸ್‌ಗೆ ಬಂದರು. ಅಲ್ಲಿ ಎಲ್ವಿರಾ ದೆ ಹಿಡಾಲ್ಗೊ ಎಂಬ ಸ್ಪ್ಯಾನಿಷ್ ಗಾಯಕಿ ಗುರುವಾದರು. 18ನೇ ವಯಸ್ಸಿಗೆ ‘ಟೋಸ್ಕಾ’, 20ಕ್ಕೆ ‘ಫಿಡೇಲಿಯೊ’. ಎರಡೂ ಭಾರದ ಪಾತ್ರಗಳು. ಆ ವಯಸ್ಸಿನ ಹುಡುಗಿಗೆ ಇವತ್ತು ಯಾವ ಗುರುವೂ ಸುಲಭಕ್ಕೆ ಒಪ್ಪಿಗೆ ಕೊಡಲಾರರು. 1947ರಲ್ಲಿ ಇಟಲಿಗೆ ಬಂದ ಮೇಲೆ ತೂರಾಂದೋತ್, ಇಸೋಲ್ಡೆ ಪಾತ್ರಗಳೂ ಸೇರಿಕೊಂಡವು.

1949ರ ಜನವರಿಯಲ್ಲಿ ವೆನಿಸ್‌ನಲ್ಲಿ ನಡೆದದ್ದು ದೊಡ್ಡ ಸಾಹಸ. ಕಾಲಸ್ ಜರ್ಮನ್ ಸಂಗೀತಕಾರ ವಾಗ್ನರ್‌ನ ಬ್ರೂನ್‌ಹಿಲ್ಡೆ ಹಾಡುತ್ತಿದ್ದರು. ಉಕ್ಕಿನಂಥ ಗಂಟಲು ಬೇಡುವ ಪಾತ್ರ ಅದು. ಅಷ್ಟರಲ್ಲಿ ‘ಇ ಪುರಿತಾನಿ’ಯ ನಾಯಕಿ ಜ್ವರ ಬಂದು ಮಲಗಿದರು. ಅದು ತದ್ವಿರುದ್ಧ ಪಾತ್ರ. ಹಗುರವಾಗಿ, ಸರಸರನೆ ಸ್ವರಗಳ ಮೇಲೆ ಓಡಬೇಕು. ಕಂಡಕ್ಟರ್ ತೂಲಿಯೊ ಸೆರಾಫಿನ್ ಮಾತಿಗೆ ಕಾಲಸ್ ಒಪ್ಪಿಕೊಂಡು, ಕೆಲವೇ ದಿನಗಳಲ್ಲಿ ಕಲಿತು, ಅದೇ ತಿಂಗಳು ಅದನ್ನೂ ಹಾಡಿದರು. ಇಟಲಿಯೆಲ್ಲ ಬೆರಗಾಯಿತು. ಗಂಟಲು ಮಾತ್ರ ಎಷ್ಟು ದಿನ ತಡೆದೀತು?

ನಮ್ಮ ಕಚೇರಿ ಕೇಳಿ ರೂಢಿಯಾದವರಿಗೆ ಇದರ ಕಷ್ಟ ಥಟ್ಟನೆ ಹೊಳೆಯುವುದಿಲ್ಲ. ನಮ್ಮಲ್ಲಿ ಮೈಕ್ ಇದೆ. ವಯಸ್ಸಾದಂತೆ ಶ್ರುತಿ ಇಳಿಸಿಕೊಳ್ಳಬಹುದು. ಒಪೆರಾದಲ್ಲಿ ಮೈಕ್ ಇಲ್ಲ. ಇಡೀ ಆರ್ಕೆಸ್ಟ್ರಾ ದಾಟಿ ಹಿಂದಿನ ಸಾಲಿನವರೆಗೂ ದನಿ ಮುಟ್ಟಬೇಕು. ಸ್ವರಗಳನ್ನೂ ಸಾಮಾನ್ಯವಾಗಿ ಸಂಗೀತಕಾರ ಬರೆದಿಟ್ಟ ಎತ್ತರದಲ್ಲೇ ಹಾಡಬೇಕು. ತಾರಸ್ಥಾಯಿಯ ಸ್ವರ ಗಟ್ಟಿಯಾಗಿ ನಿಲ್ಲಬೇಕಾದರೆ ವಪೆ, ಪಕ್ಕೆ, ಹೊಟ್ಟೆಯ ಸ್ನಾಯುಗಳು ಕೆಳಗಿನಿಂದ ಉಸಿರನ್ನು ಹಿಡಿದಿಡಬೇಕು. ಆ ಹಿಡಿತ ಸಡಿಲಾದರೆ ಸ್ವರ ನಿಧಾನವಾಗಿ, ದೊಡ್ಡದಾಗಿ ಓಲಾಡುತ್ತದೆ. 1950ರ ದಶಕದ ಕೊನೆಯಿಂದ ಕಾಲಸ್ ದನಿಯಲ್ಲಿ ಆಗಾಗ ಕೇಳುವುದು ಇದೇ. ತೂಕದ ವಾದಕ್ಕೆ ಜಾಗ ಇರುವುದೂ ಇಲ್ಲೇ. ಅಷ್ಟು ಬೇಗ ಇಳಿದಾಗ ಸ್ನಾಯುಗಳ ಬಲವೂ ತಗ್ಗಿರಬಹುದು.

ಇನ್ನೊಂದು ಕಾರಣ ಬೆಳಕಿಗೆ ಬಂದದ್ದು ತಡವಾಗಿ. ಕೊನೆಯ ವರ್ಷಗಳಲ್ಲಿ ಅವರನ್ನು ಪರೀಕ್ಷಿಸಿದ್ದ ಇಟಲಿಯ ವೈದ್ಯರೊಬ್ಬರು, ಆಕೆಗೆ ಡರ್ಮಟೊಮಯೊಸೈಟಿಸ್ ಇತ್ತು ಎಂದು 2002ರಲ್ಲಿ ಹೇಳಿದರು. ಸ್ನಾಯುಗಳನ್ನೇ ದುರ್ಬಲ ಮಾಡುವ ಕಾಯಿಲೆ ಇದು. ಅದು ಯಾವಾಗ ಶುರುವಾಯಿತು ಎಂಬುದರ ಮೇಲೆ ಈ ವಾದದ ತೂಕ ನಿಂತಿದೆ.

ಗ್ರೀಕ್ ಹಡಗು ಉದ್ಯಮಿ ಓನಾಸಿಸ್ ಜೊತೆಗಿನ ಪ್ರೇಮವೇ ದನಿ ನುಂಗಿತು ಎನ್ನುವವರಿಗೆ ಒಂದೇ ಮಾತು. ಆ ಸಂಬಂಧ ಶುರುವಾದದ್ದು 1959ರಲ್ಲಿ. ರೋಮ್‌ನಲ್ಲಿ ರಾಷ್ಟ್ರಪತಿಗಳೇ ಕೂತಿದ್ದಾಗ, ದನಿ ಕೈಕೊಟ್ಟು ‘ನಾರ್ಮಾ’ ಮೊದಲ ಅಂಕಕ್ಕೇ ನಿಂತದ್ದು 1958ರ ಜನವರಿಯಲ್ಲಿ.

1965ರ ಜುಲೈಯಲ್ಲಿ ಲಂಡನ್‌ನಲ್ಲಿ ಹಾಡಿದ ‘ಟೋಸ್ಕಾ’ ಕೊನೆಯ ಒಪೆರಾ. ನಂತರ ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು, 1974ರವರೆಗೆ ಕಚೇರಿಗಳನ್ನೂ ಕೊಟ್ಟರು. 1977ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಾಗ 53 ವರ್ಷ.

ನೀವೇ ಪರೀಕ್ಷೆ ಮಾಡಬೇಕೆಂದರೆ ಅವರ ಎರಡು ‘ನಾರ್ಮಾ’ ರೆಕಾರ್ಡಿಂಗ್‌ಗಳನ್ನು ಕೇಳಿ, 1954ರದ್ದು ಮತ್ತು 1960ರದ್ದು. ಎರಡಕ್ಕೂ ಸೆರಾಫಿನ್ ಅವರೇ ಕಂಡಕ್ಟರ್. ಎರಡನೆಯದರಲ್ಲಿ ಮೇಲಿನ ಸ್ವರಗಳು ಅಲುಗುತ್ತವೆ, ಸುಳ್ಳಲ್ಲ. ಆದರೂ ನನಗೆ ಅದೇ ಜಾಸ್ತಿ ಇಷ್ಟ.