ಎಲ್ಲರೂ ಒಟ್ಟಿಗೆ ಮಲಗಿದ ಮನೆ

ಕಳೆದ ಜನವರಿಯಲ್ಲಿ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಗೆ, ಅಂದರೆ ಕೂಲಿಯವರ ಸಾಲುಮನೆಗೆ, ಹೋಗಿದ್ದೆ. ಕೊಯ್ಲಿನ ಕಾಲ. ಬಯಲುಸೀಮೆಯಿಂದ ಬಂದ ಒಂದು ಸಂಸಾರ ಎರಡು ದಿನದಿಂದ ಕೆಲಸಕ್ಕೆ ಬಂದಿಲ್ಲ ಅಂತ ಆಶಾ ಕಾರ್ಯಕರ್ತೆ ಫೋನ್ ಮಾಡಿದ್ದರು. ಗಂಡ, ಹೆಂಡತಿ, ಎರಡು ಮಕ್ಕಳು, ನಾಲ್ಕೂ ಜನ ಒಂದೇ ಚಾಪೆಯ ಮೇಲೆ ಮುದುಡಿಕೊಂಡಿದ್ದರು. ಎಲ್ಲರ ಮೈಯೂ ಕೆಂಡ. ನಾನು ಸ್ಟೆತಸ್ಕೋಪ್ ತೆಗೆದೆ. ಆಶಾ ಅಕ್ಕ ನೇರವಾಗಿ ಒಲೆಯ ಹತ್ತಿರ ಹೋಗಿ ಬೂದಿ ಮುಟ್ಟಿ ನೋಡಿದರು. ತಣ್ಣಗಿತ್ತು. ಬಿಂದಿಗೆಯಲ್ಲಿ ಹನಿ ನೀರಿಲ್ಲ. ನಲ್ಲಿ ಇರುವುದು ಲೈನಿನ ಆ ತುದಿಯಲ್ಲಿ.

"ಏಳಕ್ಕೇ ಆಗ್ತಿಲ್ಲ ಸಾ. ನೀರು ತರೋರೂ ಯಾರಿಲ್ಲ" ಅಂದಳು ಆ ಹೆಂಗಸು. ತುಟಿ ಒಣಗಿ ಬಿರುಕು ಬಿಟ್ಟಿತ್ತು.

ಅವತ್ತು ಅವರಿಗೆ ಮಾತ್ರೆಗಿಂತ ಮೊದಲು ಬೇಕಾಗಿದ್ದದ್ದು ಒಂದು ಬಿಂದಿಗೆ ನೀರು, ಒಂದು ಪಾತ್ರೆ ಗಂಜಿ. ಇನ್‌ಫ್ಲುಯೆಂಜಾ, ಅಂದರೆ ಫ್ಲೂ ಜ್ವರದ ಬಗ್ಗೆ ಇದನ್ನು ನಾವು ಡಾಕ್ಟರುಗಳೇ ಸಾಕಷ್ಟು ಹೇಳುವುದಿಲ್ಲ. ವೈರಸ್ ಬಗ್ಗೆ ಹೇಳುತ್ತೇವೆ, ಲಸಿಕೆ ಬಗ್ಗೆ ಹೇಳುತ್ತೇವೆ. ಮನೆಯವರೆಲ್ಲ ಒಂದೇ ಸಲ ಮಲಗಿದರೆ ಒಲೆ ಹಚ್ಚುವವರು ಯಾರು ಅಂತ ಕೇಳುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಗದೆ ಹೋದರೆ ಏನಾಗುತ್ತದೆ ಅನ್ನುವುದನ್ನು ಒಂದು ಊರು ಕಂಡಿದೆ. ಪೆಸಿಫಿಕ್ ಸಾಗರದ ನಡುವೆ ಸಮೋವಾ ದ್ವೀಪಗಳಿವೆ. ಅಲ್ಲಿನ ಬಂದರು ಅಪಿಯಾ. ಸುತ್ತ ತೆಂಗಿನ ತೋಟ, ಹೊರಗಿನ ಲೋಕಕ್ಕೆ ಇದ್ದ ದಾರಿ ಹಡಗೊಂದೇ. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ 'ಟಲೂನ್' ಎಂಬ ಹಡಗು ಅಲ್ಲಿಗೆ ಬಂತು. ಆಗ ಲೋಕವನ್ನೆಲ್ಲ ಕಾಡುತ್ತಿದ್ದ ಫ್ಲೂ ಜ್ವರದವರು ಅದರಲ್ಲಿದ್ದರು. ಆದರೂ ಇಳಿಯಲು ಬಿಟ್ಟರು. ಆಗ ಆ ದ್ವೀಪಗಳು ನ್ಯೂಜಿಲೆಂಡಿನ ಸೇನಾ ಆಡಳಿತದಲ್ಲಿದ್ದವು. ವಾರ ಕಳೆಯುವಷ್ಟರಲ್ಲಿ ಜ್ವರ ಹಳ್ಳಿಹಳ್ಳಿಗೆ ಹಬ್ಬಿತ್ತು. ಸುಮಾರು 38,000 ಜನರಿದ್ದ ನಾಡಿನಲ್ಲಿ ಸತ್ತವರು ಸುಮಾರು 8,500. ಐದರಲ್ಲಿ ಒಬ್ಬರಿಗಿಂತ ಜಾಸ್ತಿ.

ಆ ದಿನಗಳನ್ನು ನಮ್ಮ ಊರಿನ ಲೆಕ್ಕದಲ್ಲಿ ಯೋಚಿಸಿ ನೋಡಿ. ಅಂಗಡಿ ಬಾಗಿಲು ಹಾಕಿತು. ಕೆಸುವಿನ ಗೆಡ್ಡೆಯೇ ಅವರ ಮುಖ್ಯ ಆಹಾರ, ನಮಗೆ ಅನ್ನ ಇದ್ದ ಹಾಗೆ. ಗದ್ದೆಯಲ್ಲಿ ಗೆಡ್ಡೆ ಇತ್ತು, ಕೀಳುವವರು ಇರಲಿಲ್ಲ. ಜ್ವರದಿಂದ ಬದುಕಿಕೊಂಡವರು ಹಸಿವಿನಿಂದ ನಿತ್ರಾಣರಾದರು. ಹೆಣಗಳನ್ನು ಚಾಪೆಯಲ್ಲಿ ಸುತ್ತಿ, ಗಾಡಿಗೆ ಹೇರಿ, ದೊಡ್ಡ ಗುಂಡಿಗಳಲ್ಲಿ ಒಟ್ಟಿಗೇ ಹೂಳಿದರು. ಮಾಮೂಲಿ ಫ್ಲೂ ಮುದುಕರನ್ನೂ ಕೂಸುಗಳನ್ನೂ ಹೆಚ್ಚು ಕಾಡುತ್ತದೆ. 1918ರದ್ದು 20ರಿಂದ 40ರ ವಯಸ್ಸಿನ ಗಟ್ಟಿಮುಟ್ಟಾದವರನ್ನೂ ಹೊತ್ತೊಯ್ದಿತು. ಅಂದರೆ ನೀರು ತರುವವರನ್ನು, ಸೌದೆ ಒಡೆಯುವವರನ್ನು, ಮಗುವಿಗೆ ಹಾಲು ಕುಡಿಸುವವರನ್ನು.

ಅಲ್ಲಿಂದ ಸುಮಾರು 130 ಕಿ.ಮೀ. ದೂರದಲ್ಲಿ, ಚಿಕ್ಕಮಗಳೂರಿನಿಂದ ಮಂಗಳೂರಿಗಿರುವ ರಸ್ತೆಗಿಂತಲೂ ಕಡಿಮೆ ದೂರದಲ್ಲಿ, ಅಮೆರಿಕನ್ ಸಮೋವಾ ಇದೆ. ಅಲ್ಲಿನ ಗವರ್ನರ್ ಜಾನ್ ಪೋಯರ್ ರೇಡಿಯೋದಲ್ಲಿ ಬಂದ ಸುದ್ದಿ ಕೇಳಿ ಹಡಗುಗಳನ್ನು ತಡೆದರು. ಊರಿನವರೇ ಕಡಲ ದಂಡೆ ಕಾದರು. ಅಲ್ಲಿ ಒಬ್ಬರೂ ಸಾಯಲಿಲ್ಲ. ಪಕ್ಕದ ದ್ವೀಪಕ್ಕೆ ನೆರವು ಕೊಡಲೂ ಪೋಯರ್ ಮುಂದೆ ಬಂದರು, ಆ ಕಡೆಯ ಆಡಳಿತಗಾರ ಅದನ್ನು ತೆಗೆದುಕೊಳ್ಳಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. 2002ರಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಸಮೋವಾದ ಜನರ ಕ್ಷಮೆ ಕೇಳಿದರು.

ನಮ್ಮಲ್ಲಿಗೂ ಜ್ವರ ಬಂದದ್ದು ಬಂದರಿನಿಂದಲೇ. 1918ರ ಜೂನ್‌ನಲ್ಲಿ ಮುಂಬೈಯಲ್ಲಿ ಏಳು ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು, ಅವರಲ್ಲಿ ಹಡಗುಕಟ್ಟೆ ಕಾಯುವವನೂ ಇದ್ದ. ಆಮೇಲೆ ರೈಲು ಹೋದಲ್ಲೆಲ್ಲ ಅದೂ ಹೋಯಿತು. ದೇಶದಲ್ಲಿ ಸತ್ತವರು ಒಂದು ಕೋಟಿಗೂ ಜಾಸ್ತಿ. ಮೈಸೂರು ಸಂಸ್ಥಾನವೂ ತಪ್ಪಿಸಿಕೊಳ್ಳಲಿಲ್ಲ.

ಈಗ ನಮ್ಮ ಕೈಯಲ್ಲಿ ಎಷ್ಟೋ ಇದೆ. ಆಗ ಸತ್ತವರಲ್ಲಿ ತುಂಬಾ ಜನರನ್ನು ಕೊಂದದ್ದು ಫ್ಲೂ ಹಿಂದೆಯೇ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ. ಹಾಗಾಗಿ ನನ್ನ ರೋಗಿಗಳಿಗೆ ಒಂದು ಮಾತು ಮತ್ತೆ ಮತ್ತೆ ಹೇಳುತ್ತೇನೆ. ಜ್ವರ ಬಿಟ್ಟು ಎರಡು ದಿನ ಆರಾಮಾಗಿದ್ದು ಮತ್ತೆ ಏರಿದರೆ ಸುಮ್ನೆ ಕೂರಬೇಡಿ. ಉಸಿರು ಮೇಲೆ ಮೇಲೆ ಬಂದರೆ, ಮಗುವಿನ ಪಕ್ಕೆ ಒಳಗೆ ಸೇದಿಕೊಂಡರೆ, ತುಟಿ ನೀಲಿಯಾದರೆ, ರಾತ್ರಿಯಾದರೂ ಸರಿ, ಹೊರಡಿ. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಇನ್ನೂ ಬೇಗ ಹೊರಡಬೇಕು. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡು, ಕಳಸದ ಕಡೆಯವರಿಗೆ ದಾರಿಯೇ ಕಷ್ಟ ಅಲ್ವಾ? ಬಸುರಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರು ಮೊದಲ ದಿನವೇ ತೋರಿಸಿಕೊಳ್ಳಿ. ಫ್ಲೂ ವೈರಸ್ ತಡೆಯುವ ಒಸೆಲ್ಟಾಮಿವಿರ್ ಮಾತ್ರೆ 48 ಗಂಟೆಯೊಳಗೆ ಶುರುವಾದರೆ ಜಾಸ್ತಿ ಉಪಯೋಗ. ಲಸಿಕೆ ವರ್ಷಕ್ಕೊಮ್ಮೆ ಹಾಕಿಸಬೇಕು. ಇವರಿಗಂತೂ ಅದು ಬೇಕೇ ಬೇಕು.

ಆದರೆ ಮಾತ್ರೆ ನುಂಗಲೂ ನೀರು ಬೇಕು. ಆ ಲೈನ್ ಮನೆಯಲ್ಲಿ ಅವತ್ತು ಆಶಾ ಅಕ್ಕ ಬಿಂದಿಗೆ ತುಂಬಿಸಿ ತಂದರು. ಪಕ್ಕದ ಮನೆಯ ಅಜ್ಜಿಯೊಬ್ಬರು ಮೂಗಿಗೆ ಸೆರಗು ಕಟ್ಟಿಕೊಂಡು ಬಂದು ಗಂಜಿ ಬೇಯಿಸಿದರು. ಅವರನ್ನು ಒಳಗೆ ಬಿಡಬೇಕೋ ಬೇಡವೋ ಅಂತ ನಾನು ಅನುಮಾನಿಸಿದೆ. ವಯಸ್ಸಾದವರು, ಅಂಟಿದರೆ ಕಷ್ಟ. ಕೊನೆಗೆ ಒಲೆಯನ್ನು ಹೊರಗಿನ ಜಗುಲಿಯಲ್ಲಿ ಹಚ್ಚಿಸಿದೆವು. ಮಾಸ್ಕ್ ಕೊಟ್ಟೆ. ಪಾತ್ರೆಯನ್ನು ಬಾಗಿಲ ಹತ್ತಿರ ಇಟ್ಟು ಹೋಗಿ ಅಂದೆ. ಗಂಜಿಗೆ ಉಪ್ಪು ಹಾಕಿ, ಚಮಚದಲ್ಲಿ ಚಿಕ್ಕ ಮಗುವಿಗೆ ಆಶಾ ಅಕ್ಕನೇ ಕುಡಿಸಿದರು. ಆರನೇ ಚಮಚಕ್ಕೆ ಅದು ಕಣ್ಣು ಬಿಟ್ಟು ಇನ್ನೂ ಬೇಕು ಅನ್ನುವ ಹಾಗೆ ಬಾಯಿ ತೆರೆಯಿತು.

ಅವತ್ತಿನಿಂದ ತೋಟದ ರೈಟರಿಗೆ ಒಂದು ಕೆಲಸ ಹೇಳಿದ್ದೇನೆ. ಬೆಳಗ್ಗೆ ಹಾಜರಿ ಹಾಕುವ ಮೊದಲು ಲೈನಿನ ಉದ್ದಕ್ಕೂ ಒಮ್ಮೆ ನಡೆದು, ಯಾವ ಮನೆಯ ಬಚ್ಚಲೊಲೆಯಲ್ಲಿ ಹೊಗೆ ಏಳುತ್ತಿಲ್ಲ ಅಂತ ನೋಡುತ್ತಾರೆ. ಹೊಗೆ ಇಲ್ಲದ ಮನೆಯ ಬಾಗಿಲು ತಟ್ಟುತ್ತಾರೆ.